ಐದು ಹಳ್ಳಿಗಳು ಮತ್ತು ಕಾಲೇಜಿನ ತರುಣರು

ಅರ್ಥಶಾಸ್ತ್ರವೆಂಬ ಶಾಸ್ತ್ರವು ನಮ್ಮ ದೇಶದ ಕಾಲೇಜುಗಳಿಗೆ ಬಂದುದು ಇಂಗ್ಲೆಂಡಿನ ಗ್ರಂಥಗಳ ಮೂಲಕ. ಮಿಲ್ ಪಂಡಿತನ ಗ್ರಂಥವನ್ನೂ, ೧೮೯೦ರ ಮೇಲೆ ಮಾರ್ಷಲ್ ಪಂಡಿತನ ಗ್ರಂಥವನ್ನೂ ಬಾಯಿಪಾಠ ಮಾಡಿ ನಮ್ಮ ತರುಣರು ಪದವಿಗಳನ್ನು ಪಡೆಯುತ್ತಿದ್ದರು. ಲಂಡನ್ನಿನ ಬ್ಯಾಂಕುಗಳ ವ್ಯವಹಾರವೇನು, ಲ್ಯಾಂಕಷೈರಿನ ಗಿರಣಿಯ ಕೂಲಿಕಾರನಿಗೆ ದೊರೆಯುವ ವೇತನವೆಷ್ಟು ಎಂಬುದನ್ನು ಅವರು ತಪ್ಪಿಲ್ಲದೆ ಒಪ್ಪಿಸಬಲ್ಲವರಾಗಿದ್ದರು. ಆದರೆ ತಮ್ಮ ಮನೆಯ ಗದ್ದೆಯಲ್ಲಿ ದುಡಿಯುವವನಿಗೆ ದಿನಕ್ಕೆ ಎಷ್ಟು ಧಾನ್ಯ ಸಲ್ಲುತ್ತದೆಂದು ಕೇಳಿದರೆ ಅದು ತಂದೆಗೋ ಶಾನುಭೋಗರಿಗೋ ತಿಳಿದ ವಿಷಯವಾಗಿದ್ದಿತೇ ಹೊರತು ಶಾಸ್ತ್ರದ ವಿಷಯವಾಗಿರಲಿಲ್ಲ. ಮಹಾದೇವ ಗೋವಿಂದ ರಾನಡೆಯವರು ೧೮೯೨ರಲ್ಲಿಯೇ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಮಾಡಿದ ಉಪನ್ಯಾಸದಲ್ಲಿ, ಬೇರೆ ದೇಶಗಳ ಸ್ಥಿತಿಯನ್ನು ನೋಡಿ ಕಟ್ಟಿದ ಸಿದ್ಧಾಂತಗಳು ಈ ದೇಶಕ್ಕೆ ಹಾಗೆಯೇ ಹೊಂದಲಾರವೆಂದು ವಾದಿಸಿದ್ದರು. ಉಪನ್ಯಾಸವು ಕೀರ್ತಿಯನ್ನು ಪಡೆಯಿತು. ಪಾಠಕ್ರಮವು ಮಾತ್ರ ಇದ್ದಂತೆಯೇ ಉಳಿಯಿತು.

ಈ ಸ್ಥಿತಿಯಲ್ಲಿ, ೧೯೧೫ರಲ್ಲಿ, ಮದರಾಸು ವಿಶ್ವವಿದ್ಯಾಲಯಕ್ಕೆ ಭಾರತೀಯ ಅರ್ಥಶಾಸ್ತ್ರದ ಮೊದಲನೆಯ ಪ್ರಾಧ್ಯಾಪಕರಾಗಿ ಗಿಲ್ಬರ್ಟ್ ಸ್ಲೇಟರ್ ಎಂಬವರು ಬಂದರು. ಇವರು ಸಾಮಾನ್ಯ ರೀತಿಯ ವಿದ್ವಾಂಸರಲ್ಲ. ೧೮೬೪ರಲ್ಲಿ ಹುಟ್ಟಿದವರು, ಲಂಡನ್ನಿನ ಬಳಿಯ ವುಲಿಚ್ ಪಟ್ಟಣಕ್ಕೆ ಮೇಯರರಾಗಿದ್ದವರು, ಅನಂತರ ಆಕ್ಸ್‌ಫರ್ಡಿನಲ್ಲಿ ಕಾರ್ಮಿಕರ ವಿದ್ಯಾಭ್ಯಾಸಕ್ಕಾಗಿಯೇ ಏರ್ಪಟ್ಟ ರಸ್ಕಿನ್ ಕಾಲೇಜಿನ ಮುಖ್ಯಾಧ್ಯಾಪಕರಾಗಿ ೧೯೦೯ರಿಂದ ಕೆಲಸ ಮಾಡಿದವರು. ಇಂಗ್ಲೆಂಡಿನ ರೈತರು ತಮ್ಮ ಊರೊಟ್ಟಿನ ಹೊಲಗಳನ್ನು ಹೇಗೆ ಕಳೆದುಕೊಂಡರು, ಆ ಹೊಲಗಳ ಸುತ್ತ ದೊಡ್ಡ ಹಿಡುವಳಿದಾರರು ಬೇಲಿ ಹಾಕಿದುದು ಹೇಗೆ ಎಂಬುದನ್ನು ಕುರಿತು ೧೯೦೭ರಲ್ಲಿ ಒಂದು ಗ್ರಂಥವನ್ನು ಬರೆದಿದ್ದರು. ಎಂದರೆ, ಭೂಮಿಯ ಚರಿತ್ರೆಯನ್ನು ಅರಮನೆಯ ಶಾಸನಗಳಲ್ಲಿ ಮಾತ್ರವಲ್ಲದೆ ಒಂದೊಂದು ಊರಿನ ಒಂದೊಂದು ಹೊಲದಲ್ಲಿಯೂ ಓದಬೇಕೆಂಬ ಅಭ್ಯಾಸವು ಅವರಿಗೆ ಮೊದಲೇ ಆಗಿದ್ದಿತು. ಹಳ್ಳಿಯು ಪಟ್ಟಣಕ್ಕಿಂತ ಹಿಂದಿನದು, ಪಟ್ಟಣವನ್ನು ಸಾಕುವುದೂ ಹಳ್ಳಿಯೇ, ಆದುದರಿಂದ ಶಾಸ್ತ್ರವು ಅಲ್ಲಿಂದಲೇ ಆರಂಭವಾಗತಕ್ಕದ್ದು ಎಂಬುದು ಅವರ ನಂಬಿಕೆ.

ಬಂದವರು ಒಂದು ಹೊಸ ಕೆಲಸವನ್ನು ಮಾಡಿದರು. ತಾವೇ ಹಳ್ಳಿಗೆ ಹೋಗಿ ದುಭಾಷಿಯ ಮೂಲಕ ಪ್ರಶ್ನೆ ಕೇಳುವುದಕ್ಕೆ ಬದಲಾಗಿ, ಒಂದು ದೀರ್ಘವಾದ ಪ್ರಶ್ನಾವಳಿಯನ್ನು ಸಿದ್ಧಪಡಿಸಿ ವಿದ್ಯಾರ್ಥಿಗಳ ಕೈಗೆ ಕೊಟ್ಟರು. ರಜೆಗೆ ಊರಿಗೆ ಹೋದವರು ಅದನ್ನು ಕೈಯಲ್ಲಿ ಹಿಡಿದು ತಮ್ಮ ಊರನ್ನೋ ತಮಗೆ ಬಲ್ಲ ಊರನ್ನೋ ವಿಚಾರಿಸಿ ಬರೆದುಕೊಂಡು ಬರಬೇಕು. ಹೀಗೆ ೧೯೧೬ರಿಂದ ಸಂಗ್ರಹವಾದ ವರದಿಗಳಲ್ಲಿ ಉತ್ತಮವಾದುವನ್ನು ಆರಿಸಿ, ೧೯೧೮ರಲ್ಲಿ, ದಕ್ಷಿಣ ಭಾರತದ ಕೆಲವು ಹಳ್ಳಿಗಳು ಎಂಬ ಅರ್ಥದ ಹೆಸರಿನಿಂದ ಒಂದು ಗ್ರಂಥವಾಗಿ ಅವರು ಪ್ರಕಟಿಸಿದರು. ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಗ್ರಂಥಮಾಲೆಗೆ ಅದೇ ಮೊದಲನೆಯ ಸಂಪುಟ. ಒಂದು ವಿಶ್ವವಿದ್ಯಾಲಯವು ತನ್ನ ಗ್ರಂಥಮಾಲೆಯನ್ನು ಮಹಾಪಂಡಿತರ ಕೃತಿಯಿಂದ ತೊಡಗದೆ ಕಲಿಯುವ ಹುಡುಗರ ಬರಹದಿಂದ ತೊಡಗಿತೆಂಬುದು ಈಗಲೂ ಆಶ್ಚರ್ಯಪಡತಕ್ಕ ಸಂಗತಿಯೇ ಸರಿ.

ಗ್ರಂಥದಲ್ಲಿ ಬಂದ ಹಳ್ಳಿಗಳ ಪೈಕಿ ತಮಿಳುನಾಡಿನ ಐದು ಮುಂದೆ ಪ್ರಸಿದ್ಧವಾದವು: ದಕ್ಷಿಣ ಆರ್ಕಾಟಿನ ಇರುವೇಲ್ಪಟ್ಟು, ಉತ್ತರ ಆರ್ಕಾಟಿನ ದೂಸಿ, ತಂಜಾವೂರು ಸೀಮೆಯ ಪಾಲಕ್ಕುರಿಚ್ಚಿ, ರಾಮನಾಡಿನ ವಡಮಲೈಪುರಂ, ತಿರುನೆಲ್ವೇಲಿಯ ಗಂಗೈಕೊಂಡಾನ್. ಇವು ಒಂದರಂತೆ ಒಂದಿಲ್ಲ. ಕಾವೇರಿಯ ಕಾಲುವೆಗಳ ನೀರುಂಡು ಭತ್ತ ಬೆಳೆಯುವ ಪಾಲಕ್ಕುರಿಚ್ಚಿಗೂ, ಶಿವಕಾಶಿಯ ಕಡೆಯ ಒಣಸೀಮೆಯ ವಡಮಲೈಪುರಕ್ಕೂ ಏನು ಸಾಮ್ಯ? ಊರನ್ನು ಆರಿಸಿದುದು ಯಾವುದೊಂದು ಗಣಿತದ ಕ್ರಮದಿಂದಲ್ಲ. ವಿದ್ಯಾರ್ಥಿಯ ಊರು ಅಥವಾ ಅವನ ಪರಿಚಯದ ಊರು ಎಂಬುದೇ ಕಾರಣ. ಇಂದಿನ ಸಂಖ್ಯಾಶಾಸ್ತ್ರಜ್ಞರು ಇದನ್ನು ದೋಷವೆಂದು ಹೇಳುವರು, ಹೇಳುವುದು ನ್ಯಾಯವೇ. ಆದರೆ ಆ ದೋಷವಿಲ್ಲದಿದ್ದಲ್ಲಿ ಆ ಗ್ರಂಥವೂ ಇರುತ್ತಿರಲಿಲ್ಲವೆಂಬುದನ್ನು ಅವರು ಒಪ್ಪಬೇಕು.

ಕೆಲಸವು ಹೊರಗಿನಿಂದ ನೋಡಿದಷ್ಟು ಸುಲಭವಾದುದಲ್ಲ. ಒಂದೇ ಉದಾಹರಣೆಯನ್ನು ತೆಗೆದುಕೊಳ್ಳೋಣ. ಕೂಲಿ ಎಷ್ಟೆಂದು ಕೇಳಬೇಕು. ಆ ಕಾಲದ ಹಳ್ಳಿಗಳಲ್ಲಿ ಕೂಲಿಯ ಬಹುಭಾಗ ಸಲ್ಲುತ್ತಿದ್ದುದು ಹಣದಲ್ಲಲ್ಲ, ಧಾನ್ಯದಲ್ಲಿ. ಧಾನ್ಯವನ್ನು ಅಳೆಯುವ ಮಾನವು ಸೀಮೆಯಿಂದ ಸೀಮೆಗೆ ಬೇರೆ. ತಂಜಾವೂರಿನಲ್ಲಿ ಹನ್ನೆರಡು ಮರಕ್ಕಾಲಿಗೆ ಒಂದು ಕಲಂ. ನಮ್ಮ ಕಡೆ ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕರಾವಳಿಗೆ ಇಳಿದರೆ ಅಕ್ಕಿಯ ಮುಡಿ. ಕೊಳಗವೆಂಬ ಹೆಸರು ಒಂದೇ ಆದರೂ ಕೊಳಗದ ಗಾತ್ರವು ಊರಿಂದೂರಿಗೆ ಬದಲಾಗುತ್ತಿದ್ದಿತೆಂಬುದನ್ನು ಹಿರಿಯರ ಬಾಯಿಂದ ಕೇಳದ ಮನೆ ನಮ್ಮಲ್ಲಿ ಅಪರೂಪ. ಸುಗ್ಗಿಯಲ್ಲಿ ಒಂದು ದರ, ಉಳಿದ ಕಾಲದಲ್ಲಿ ಇನ್ನೊಂದು. ಗಂಡಸಿಗೆ ಒಂದು, ಹೆಂಗಸಿಗೆ ಒಂದು. ಕಣದಲ್ಲಿ ಬಾಚಿಕೊಟ್ಟದ್ದು ಬೇರೆ, ಹಬ್ಬಕ್ಕೆ ಕೊಟ್ಟ ಬಟ್ಟೆ ಬೇರೆ. ಇವೆಲ್ಲವನ್ನೂ ಕೂಡಿಸಿ ರೂಪಾಯಿಗಳಲ್ಲಿ ಹೇಳೆಂದರೆ ಯಾವ ಬೆಲೆಯಿಂದ ಗುಣಿಸುವುದು? ಆಗ ಯುರೋಪಿನ ಯುದ್ಧವು ನಡೆಯುತ್ತಿದ್ದಿತು. ಬೆಲೆಗಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಬೆಲೆ, ವೇತನ, ಗೇಣಿ ಎಂಬ ಮಾತುಗಳನ್ನು ಪುಸ್ತಕದಲ್ಲಿ ಓದಿದ್ದ ಹುಡುಗನಿಗೆ ಅವುಗಳ ಹಿಂದೆ ಎಷ್ಟು ಜಟಿಲವಾದ ಬಾಳುವೆಯಿದೆಯೆಂಬುದು ಕಣದಲ್ಲಿ ನಿಂತಾಗ ತಿಳಿದಿರಬೇಕು. ಪರೀಕ್ಷೆಗೆ ಓದುವುದಕ್ಕಿಂತ ಇದು ದೊಡ್ಡ ವಿದ್ಯೆ.

ಆದರೆ ಈ ಗ್ರಂಥವು ಇಂದಿಗೂ ಜೀವಂತವಾಗಿರುವುದು ಕೂಲಿಯ ದರಗಳಿಂದಲ್ಲ. ಇರುವೇಲ್ಪಟ್ಟಿನ ವರದಿಯಲ್ಲಿ ಬರುವ ಪಡಿಯಾಳುಗಳ ವಿಷಯದಿಂದ. ಈ ಪದವನ್ನು ಕನ್ನಡಿಗರಿಗೆ ಅನುವಾದಿಸಿ ಹೇಳಬೇಕಾದುದಿಲ್ಲ. ಪಡಿಯೆಂದರೆ ಅಳತೆ, ದಿನದ ಧಾನ್ಯ. ಆ ಪಡಿಯನ್ನು ಪಡೆದು ದುಡಿಯುವವನು ಪಡಿಯಾಳು. ಇರುವೇಲ್ಪಟ್ಟಿನಲ್ಲಿ ರೆಡ್ಡಿಯಾರರ ಒಂದು ದೊಡ್ಡ ಮನೆತನವು ಭೂಮಿಯ ಮೇಲೆಯೂ ಊರಿನ ಮೇಲೆಯೂ ಯಜಮಾನಿಕೆ ನಡಸುತ್ತಿದ್ದಿತು. ಅಂಥವರ ಹೊಲಗಳಲ್ಲಿ ದುಡಿಯುತ್ತಿದ್ದ ಪಡಿಯಾಳು ತನ್ನ ಮದುವೆಗೋ ಮಗನ ಮದುವೆಗೋ ಒಡೆಯನಿಂದ ಸ್ವಲ್ಪ ಹಣವನ್ನು ಸಾಲವಾಗಿ ತಂದಿರುತ್ತಾನೆ. ಸಾಲವು ತೀರುವುದಿಲ್ಲ, ತೀರಿಸುವಷ್ಟು ಅವನ ಕೈಯಲ್ಲಿ ಎಂದೂ ಉಳಿಯುವುದಿಲ್ಲ. ತಂದೆಯ ಸಾಲ ಮಗನಿಗೆ ಬರುತ್ತದೆ, ಮಗನದು ಮೊಮ್ಮಗನಿಗೆ. ಸಾಲವಿರುವವರೆಗೆ ಬೇರೊಬ್ಬನ ಬಳಿ ದುಡಿಯಲು ಹೋಗುವಂತಿಲ್ಲ. ಒಡೆಯನು ತೀರಿಕೊಂಡರೆ ಅಥವಾ ಭೂಮಿಯನ್ನು ಮಾರಿದರೆ, ಭೂಮಿಯೊಡನೆ ಆಳೂ ಹೊಸ ಒಡೆಯನ ಕೈಸೇರುತ್ತಾನೆ.

ಇದನ್ನು ಬರೆದ ಕಾಲವನ್ನು ವಾಚಕರು ನೆನಪಿಗೆ ತಂದುಕೊಳ್ಳಬೇಕು. ದಾಸ್ಯವನ್ನು ನ್ಯಾಯಾಲಯಗಳು ಮಾನ್ಯ ಮಾಡಕೂಡದೆಂದು ೧೮೪೩ರಲ್ಲಿಯೇ ಕಾಯಿದೆಯಾಗಿದ್ದಿತು. ೧೮೬೦ರ ದಂಡಸಂಹಿತೆಯು ೧೮೬೨ರಿಂದ ಜಾರಿಗೆ ಬಂದು, ಮನುಷ್ಯರನ್ನು ದಾಸರನ್ನಾಗಿ ಕೊಳ್ಳುವುದು ಮಾರುವುದು ಅಪರಾಧವೆಂದು ಸಾರಿದ್ದಿತು. ಸರ್ಕಾರದ ದಫ್ತರದ ಪ್ರಕಾರ ದಾಸ್ಯವೆಂಬುದು ಈ ದೇಶದಲ್ಲಿ ಮುಗಿದ ಕಥೆ. ಅದಕ್ಕಿಂತಲೂ ಹಿಂದೆ, ೧೮೦೦–೦೧ರಲ್ಲಿ, ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ನಮ್ಮ ಕರಾವಳಿಯ ಗದ್ದೆಗಳಲ್ಲಿ ದುಡಿಯುತ್ತಿದ್ದ ದಾಸರ ವಿಷಯವನ್ನು ಬರೆದಿಟ್ಟಿದ್ದನು. ಅದನ್ನೋದಿದವರು ಅದೊಂದು ಕಳೆದ ಯುಗದ ಸಂಗತಿಯೆಂದು ಭಾವಿಸುತ್ತಿದ್ದರು. ಆದರೆ ಸುಮಾರು ಐವತ್ತು ಎಪ್ಪತ್ತು ವರ್ಷಗಳ ಕಾಯಿದೆಗಳು ಊರಿನ ಸೀಮೆಯೊಳಕ್ಕೆ ಬಂದೇ ಇಲ್ಲವೆಂಬುದನ್ನು ಕಂಡುಹಿಡಿದುದು ಯಾವ ಕಮಿಷನ್ನೂ ಅಲ್ಲ. ಪ್ರಶ್ನಾವಳಿಯನ್ನು ಹಿಡಿದು ಹೋದ ಕಾಲೇಜು ವಿದ್ಯಾರ್ಥಿ. ಕಾಯಿದೆಯು ದಾಸ್ಯ ಎಂಬ ಹೆಸರನ್ನು ನಿಷೇಧಿಸಿದ್ದಿತು. ಊರಿನಲ್ಲಿ ಅದಕ್ಕೆ ಸಾಲವೆಂದು ಹೆಸರಾಗಿದ್ದಿತು. ಸಾಲವನ್ನು ಯಾವ ಕಾಯಿದೆ ತಾನೆ ನಿಷೇಧಿಸೀತು?

ಇಲ್ಲಿ ಒಂದು ಮಾತನ್ನು ಹೇಳದೆ ಇರಲಾಗದು. ಆ ಕಾಲದಲ್ಲಿ ಕಾಲೇಜಿಗೆ ಹೋಗುತ್ತಿದ್ದ ತರುಣರು ಬಹುಮಟ್ಟಿಗೆ ಭೂಮಿಯುಳ್ಳ ಮನೆತನಗಳವರು, ಮೇಲಿನ ಜಾತಿಗಳವರು. ಅಂಥವನು ಚೇರಿಯ ಬಳಿ ನಿಂತು “ನಿನಗೆ ಸಾಲವೆಷ್ಟಿದೆ? ಒಡೆಯನು ಎಷ್ಟು ಅಳೆಯುತ್ತಾನೆ?” ಎಂದು ಕೇಳಿದರೆ, ಕೇಳಿಸಿಕೊಂಡವನು ಯಾವ ಧೈರ್ಯದಿಂದ ನಿಜವನ್ನು ಹೇಳಿಯಾನು? ಆದುದರಿಂದ ಈ ವರದಿಗಳಲ್ಲಿ ಕೂಲಿಯ ಲೆಕ್ಕವು ಕೊಡುವವನ ಕಡೆಯಿಂದ ಬಂದುದೇ ಹೆಚ್ಚೆಂದು ನಾವು ಊಹಿಸಬೇಕಾಗಿದೆ. ಆದರೂ ಊರಿನವನಾದುದರಿಂದ ಒಂದು ಲಾಭವೂ ಇದ್ದಿತು. ಅಮಲ್ದಾರನು ಬಂದರೆ ಊರು ಬಾಗಿಲು ಮುಚ್ಚಿಕೊಳ್ಳುತ್ತದೆ; ಕಂದಾಯವನ್ನು ಏರಿಸುವುದಕ್ಕೇ ಬಂದನೆಂದು ರೈತನು ಬೆಳೆಯನ್ನು ಅರ್ಧ ಮಾಡಿ ಹೇಳುತ್ತಾನೆ. ಊರಿನ ಹುಡುಗನಿಗೆ ಸುಳ್ಳು ಹೇಳಿದರೆ ಅದು ಸುಳ್ಳೆಂದು ಅವನಿಗೆ ತಿಳಿಯುತ್ತದೆ. ಯಾರ ಗದ್ದೆ ಯಾರ ಹೆಸರಿನಲ್ಲಿದೆ, ಯಾರ ಮನೆಯ ಮದುವೆಗೆ ಯಾರು ಹಣ ಕೊಟ್ಟರು ಎಂಬುದನ್ನು ಅವನು ಪ್ರಶ್ನಾವಳಿ ಬರುವ ಮೊದಲೇ ಬಲ್ಲನು. ತನ್ನವರ ವಿಷಯವನ್ನು ತಾನೇ ಬರೆಯುವಾಗ ಮುಚ್ಚಿಡಬಹುದಾಗಿದ್ದ ಪಡಿಯಾಳಿನ ಸಂಗತಿಯನ್ನು ಬರೆದೇ ತಂದ ಆ ತರುಣನಲ್ಲಿ ನಮಗೆ ಗೌರವ ಹುಟ್ಟಬೇಕು.

ಇದೇ ಕಾಲದಲ್ಲಿ ಪುಣೆಯ ಕೃಷಿ ಕಾಲೇಜಿನ ಮುಖ್ಯಾಧ್ಯಾಪಕರಾದ ಹೆರಾಲ್ಡ್ ಮ್ಯಾನ್ ಎಂಬವರು ಪಿಂಪಳೆ ಸೌದಾಗರ ಎಂಬ ಊರನ್ನು ಶೋಧಿಸಿ ೧೯೧೭ರಲ್ಲಿ ಪ್ರಕಟಿಸಿದ ಗ್ರಂಥವೂ ಹೆಸರಾದುದು. ಅಲ್ಲಿ ೧೭೭೧ರಲ್ಲಿ ಸರಾಸರಿ ೪೦ ಎಕರೆಯಿದ್ದ ಹಿಡುವಳಿಯು ೧೯೧೫ರ ಹೊತ್ತಿಗೆ ೭ ಎಕರೆಗೆ ಇಳಿದಿದ್ದುದನ್ನು ಅವರು ಹಳೆಯ ಕಾಗದಗಳಿಂದ ತೋರಿಸಿದರು. ಆದರೆ ಅದು ಅನುಭವಿಯಾದ ವಿಜ್ಞಾನಿಯ ಕೆಲಸ. ವಿದ್ಯಾರ್ಥಿಗಳನ್ನೇ ಕೂಡಿಕೊಂಡು ನಡೆದ ಇನ್ನೊಂದು ದೊಡ್ಡ ಶೋಧನೆಯನ್ನು ನೋಡಬೇಕಾದರೆ ಗುಜರಾತಿಗೆ ಹೋಗಬೇಕು. ತಂಜಾವೂರಿನಲ್ಲಿ ಹುಟ್ಟಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಜೆ. ಸಿ. ಕುಮಾರಪ್ಪನವರನ್ನು ಮಹಾತ್ಮಾ ಗಾಂಧಿಯವರು ಗುಜರಾತ್ ವಿದ್ಯಾಪೀಠಕ್ಕೆ ಕರೆದುಕೊಂಡು, ಖೇಡಾ ಜಿಲ್ಲೆಯ ಮಾತರ್ ತಾಲೂಕಿನ ಸ್ಥಿತಿಯನ್ನು ಪರೀಕ್ಷಿಸುವ ಕೆಲಸಕ್ಕೆ ಹಚ್ಚಿದರು. ಕುಮಾರಪ್ಪನವರಿಗೆ ಗುಜರಾತಿ ಬಾರದು. ವಿದ್ಯಾಪೀಠದ ವಿದ್ಯಾರ್ಥಿಗಳೇ ಅವರಿಗೆ ಕಿವಿ, ಅವರೇ ಬಾಯಿ. ೧೯೨೯ರ ಕೊನೆಯಿಂದ ಆ ತರುಣರು ಹಳ್ಳಿಹಳ್ಳಿಗೆ ಹೋಗಿ ಮನೆಮನೆಯ ಆದಾಯ ವೆಚ್ಚಗಳನ್ನು ಬರೆದುಕೊಂಡರು. ವರದಿಯು ೧೯೩೧ರಲ್ಲಿ ಹೊರಬಂದಿತು. ಸ್ಲೇಟರರದು ಜಿಜ್ಞಾಸೆ, ಕುಮಾರಪ್ಪನವರದು ವ್ಯಾಜ್ಯ. ರೈತನು ಹೊರಲಾರದಷ್ಟು ಕಂದಾಯವನ್ನು ಸರ್ಕಾರವು ಹೊರಿಸಿದೆಯೆಂಬ ವಾದಕ್ಕೆ ಸಾಕ್ಷ್ಯವನ್ನು ಒದಗಿಸುವುದು ಅದರ ಉದ್ದೇಶ. ಎರಡನೆಯದು ಶಾಸ್ತ್ರವಲ್ಲವೆಂದು ಕೆಲವರು ಹೇಳಬಹುದು. ಸಾಕ್ಷ್ಯವು ಸತ್ಯವಾಗಿದ್ದಲ್ಲಿ ವ್ಯಾಜ್ಯಕ್ಕಾಗಿ ತಂದುದೆಂಬ ಕಾರಣದಿಂದ ಅದು ಕೆಡುವುದಿಲ್ಲವೆಂದು ನಮಗೆ ತೋರುತ್ತದೆ.

ಮದರಾಸಿನ ಐದು ಹಳ್ಳಿಗಳಿಗೆ ಹಿಂತಿರುಗೋಣ. ೧೯೨೧ರಲ್ಲಿ ಸ್ಲೇಟರರ ಅಧ್ಯಾಪಕತ್ವವು ಮುಗಿಯಿತು. ಅವರ ಪೀಠಕ್ಕೆ ತರುವಾಯ ಬಂದ ಪಿ. ಜೆ. ಥಾಮಸರೂ ಕೆ. ಸಿ. ರಾಮಕೃಷ್ಣನ್ನರೂ ೧೯೩೬–೩೭ರಲ್ಲಿ ಆ ಹಳ್ಳಿಗಳನ್ನೇ ಮತ್ತೆ ಪರೀಕ್ಷಿಸುವ ಏರ್ಪಾಡು ಮಾಡಿ ೧೯೪೦ರಲ್ಲಿ ಫಲಿತಾಂಶವನ್ನು ಅಚ್ಚು ಹಾಕಿಸಿದರು. ಇಪ್ಪತ್ತು ವರ್ಷಗಳ ಅಂತರ. ಅದರ ನಡುವೆ ಯುದ್ಧಕಾಲದ ಏರುಬೆಲೆ, ಬಳಿಕ ೧೯೨೯ರಿಂದ ಜಗತ್ತನ್ನೇ ಹಿಡಿದ ಬೆಲೆಯಿಳಿತ. ಹಿಂದಿನ ವರದಿ ಇದ್ದುದರಿಂದ ಮಾತ್ರವೇ ಇದು ಸಾಧ್ಯವಾಯಿತೆಂಬುದನ್ನು ಗಮನಿಸಬೇಕು. ಮೊದಲು ಬರೆದವನು ತನ್ನ ಬರಹವು ಅಳತೆಗೋಲಾಗುವುದೆಂದು ಅರಿತಿರಲಿಲ್ಲ. ಅವನಿಗೆ ಅದೊಂದು ರಜೆಯ ಕೆಲಸ. ೧೯೬೧ರಲ್ಲಿ ಮಾರ್ಗರೆಟ್ ಹ್ಯಾಸ್‌ವೆಲ್ ಎಂಬ ಇಂಗ್ಲಿಷ್ ವಿದುಷಿ ಮೂರನೆಯ ಸಲ ಹೋದರು. ೧೯೮೦ರ ದಶಕದಲ್ಲಿ ಮದರಾಸಿನ ಅಭಿವೃದ್ಧಿ ಅಧ್ಯಯನ ಸಂಸ್ಥೆಯವರು ಒಂದೊಂದಾಗಿ ಈ ಹಳ್ಳಿಗಳನ್ನು ಕೈಗೆತ್ತಿಕೊಂಡರು. ತಮಿಳುನಾಡು ಸರ್ಕಾರದಲ್ಲಿ ಹಣಕಾಸಿನ ಕಾರ್ಯದರ್ಶಿಯಾಗಿದ್ದ ಎಸ್. ಗುಹನ್ನರು ಮಾನವಶಾಸ್ತ್ರಜ್ಞೆ ಜೋನ್ ಮೆಂಚರರೊಡನೆ ಇರುವೇಲ್ಪಟ್ಟನ್ನು ನೋಡಿ ೧೯೮೩ರಲ್ಲಿ ಬರೆದರು. ೨೦೦೮ರಲ್ಲಿ ಜಾನ್ ಹ್ಯಾರಿಸ್, ಜೆ. ಜಯರಂಜನ್, ಕೆ. ನಾಗರಾಜ್ ಎಂಬ ಮೂವರು ಮತ್ತೊಮ್ಮೆ ಹೋಗಿ ೨೦೧೦ರಲ್ಲಿ ತಮ್ಮ ಲೇಖನವನ್ನು ಪ್ರಕಟಿಸಿದರು. ಹೀಗೆ ತೊಂಬತ್ತೆರಡು ವರ್ಷಗಳಲ್ಲಿ ಐದು ಸಲ ಪ್ರಶ್ನೆ ಕೇಳಿಸಿಕೊಂಡ ಊರುಗಳು ನಮ್ಮ ದೇಶದಲ್ಲಿ ಬಹಳವಿಲ್ಲ.

ಇರುವೇಲ್ಪಟ್ಟಿನ ಕಥೆಯನ್ನು ಈ ಐದು ವರದಿಗಳಿಂದ ಕೂಡಿಸಿ ಓದಿದರೆ ತಿಳಿಯುವುದೇನು? ೧೯೮೧ರವರೆಗೂ ದೊಡ್ಡ ಮನೆತನದ ಹಿಡಿತವು ಊರಿನ ಮೇಲೆ ಗಟ್ಟಿಯಾಗಿಯೇ ಇದ್ದಿತು. ಸ್ವಾತಂತ್ರ್ಯ ಬಂದುದರಿಂದಾಗಲಿ, ಭೂಮಿತಿಯ ಕಾಯಿದೆಯಿಂದಾಗಲಿ ಅದು ಮುರಿಯಲಿಲ್ಲ. ೨೦೦೮ರ ಹೊತ್ತಿಗೆ ಮಾತ್ರ ಅದು ಬಹಳವಾಗಿ ಸಡಿಲಿದ್ದಿತು. ಕೂಲಿಕಾರರು ಊರಿನ ಹೊಲವನ್ನೇ ನಂಬಿ ಬಾಳುವ ಸ್ಥಿತಿ ಕಳೆದಿದ್ದಿತು. ಹೊರಗೆ ದುಡಿಮೆ ದೊರೆಯುತ್ತಿದ್ದಿತು. ನ್ಯಾಯಬೆಲೆಯ ಅಂಗಡಿಯ ಅಕ್ಕಿಯು ಹೊಟ್ಟೆಯ ಭಯವನ್ನು ತಗ್ಗಿಸಿದ್ದಿತು. ದಲಿತರು ಹಿಂದಿನಂತೆ ತಲೆಬಾಗುತ್ತಿರಲಿಲ್ಲ. ಅವರ ಕೈಗೆ ಭೂಮಿಯು ಬಂದಿತೆ ಎಂದರೆ, ಹೆಚ್ಚು ಬರಲಿಲ್ಲ. ಒಡೆಯನಿಂದ ಬಿಡುಗಡೆಯಾಯಿತು; ಬಡತನದಿಂದ ಅಷ್ಟಾಗಿ ಆಗಲಿಲ್ಲ. ಒಂದೇ ಒಂದು ಸಲ ನೋಡಿ ಬಂದವನಿಗೆ ಈ ಎರಡರ ಅಂತರವು ಕಾಣುತ್ತಿರಲಿಲ್ಲ.

ಈ ಐದರಲ್ಲಿ ಕನ್ನಡದ ಊರು ಯಾವುದೂ ಇಲ್ಲ. ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳೂ ಕೊಳ್ಳೇಗಾಲವೂ ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದುವು. ೧೮೮೦ರಲ್ಲಿ ಸ್ಥಾಪಿತವಾದ ಮಂಗಳೂರಿನ ಸೇಂಟ್ ಅಲೋಷಿಯಸ್ ಕಾಲೇಜಿನ ವಿದ್ಯಾರ್ಥಿಗಳು ಮದರಾಸು ವಿಶ್ವವಿದ್ಯಾಲಯದ ಪರೀಕ್ಷೆಗಳಿಗೇ ಕುಳಿತುಕೊಳ್ಳುತ್ತಿದ್ದರು. ಮೂಲಗೇಣಿ ಚಾಲಗೇಣಿಗಳ ಒಂದು ಕರಾವಳಿಯ ಗ್ರಾಮವು ಈ ಸಾಲಿನಲ್ಲಿ ಸೇರಿ ೧೯೧೬ರಿಂದ ಐದಾರು ಸಲ ಪರೀಕ್ಷಿತವಾಗಿದ್ದಿದ್ದರೆ, ೧೯೭೪ರ ಭೂಸುಧಾರಣೆಯ ಕಾಯಿದೆಯು ಗೇಣಿದಾರನಿಗೆ ಕೊಟ್ಟುದೇನು, ಗೇಣಿಯೂ ಇಲ್ಲದ ಆಳಿಗೆ ಕೊಡದೆ ಬಿಟ್ಟುದೇನು ಎಂಬುದನ್ನು ಇಂದು ವಾದವಿಲ್ಲದೆ ಹೇಳಬಹುದಾಗಿದ್ದಿತು. ಮೈಸೂರಿನಲ್ಲಿ ೧೯೧೧ರಿಂದ ಆರ್ಥಿಕ ಸಮ್ಮೇಳನವು ನಡೆಯುತ್ತಿದ್ದಿತು, ೧೯೧೬ರಲ್ಲಿ ವಿಶ್ವವಿದ್ಯಾಲಯವೂ ಹುಟ್ಟಿತು. ಹಳೆಯ ಮೈಸೂರು ಸೀಮೆಯ ಹಳ್ಳಿಗಳನ್ನು ಲೋಕಪ್ರಸಿದ್ಧಗೊಳಿಸಿದವರು ಅನಂತರದವರು: ೧೯೪೮ರಲ್ಲಿ ರಾಂಪುರವೆಂದು ಹೆಸರಿಟ್ಟ ಊರಿನಲ್ಲಿ ನೆಲಸಿದ ಎಂ. ಎನ್. ಶ್ರೀನಿವಾಸರು; ೧೯೫೪–೫೬ರಲ್ಲಿ ಮಂಡ್ಯದ ಬಳಿಯ ಎರಡು ಊರುಗಳಿಗೆ ವಂಗಾಲ, ದಲೇನ ಎಂಬ ಗುಪ್ತನಾಮಗಳನ್ನು ಕೊಟ್ಟು ಶೋಧಿಸಿದ ಸ್ಕಾರ್ಲೆಟ್ ಎಪ್‌ಸ್ಟೀನ್. ಕಾಲುವೆಯ ನೀರು ಬಂದ ಊರಿಗಿಂತ, ನೀರು ಬಾರದೆ ಒಣಗಿದ ನೆರೆಯ ಊರಿನವರೇ ವ್ಯಾಪಾರ, ಗಾಡಿ, ನೌಕರಿಗಳ ಕಡೆ ತಿರುಗಿ ಹೆಚ್ಚು ಬದಲಾದರೆಂಬ ಆಕೆಯ ಕಾಣ್ಕೆಯು ಕುರ್ಚಿಯಲ್ಲಿ ಕುಳಿತು ಆಲೋಚಿಸಿದವರಿಗೆ ಹೊಳೆಯುವಂಥದಲ್ಲ. ಆಕೆಯು ೧೯೭೦ರಲ್ಲಿ ಹಿಂತಿರುಗಿ ಬಂದು ಅವನ್ನೇ ಮತ್ತೆ ನೋಡಿದರು. ೨೦೦೯ರಲ್ಲಿ ಕೃಷಿ ಅಧ್ಯಯನ ಪ್ರತಿಷ್ಠಾನದವರು ಮಂಡ್ಯ ಜಿಲ್ಲೆಯ ಆಲಬುಜನಹಳ್ಳಿ, ಕೋಲಾರದ ಸೀರೇಸಂದ್ರ, ಗುಲ್ಬರ್ಗದ ಝಾಪುರ ಎಂಬ ಮೂರು ಊರುಗಳಲ್ಲಿ ಮನೆಮನೆಯ ಗಣತಿಯನ್ನು ಮಾಡಿದರು.

ಇದೇ ಪ್ರತಿಷ್ಠಾನದವರು ೨೦೧೯ರಲ್ಲಿ ತಂಜಾವೂರು ಸೀಮೆಯ ಪಾಲಕ್ಕುರಿಚ್ಚಿಗೂ ಹೋದರು. ಆ ಸೀಮೆಯಲ್ಲಿ ಪಡಿಯಾಳನ್ನು ಪಣ್ಣೈಯಾಳೆಂದು ಕರೆಯುತ್ತಿದ್ದರು. ಸ್ಲೇಟರರ ಗ್ರಂಥವು ಅಚ್ಚಾದ ಮೂವತ್ತನಾಲ್ಕು ವರ್ಷಗಳ ಮೇಲೆ, ೧೯೫೨ರಲ್ಲಿ, ಪಣ್ಣೈಯಾಳುಗಳ ರಕ್ಷಣೆಗೆಂದು ಒಂದು ಕಾಯಿದೆ ಬಂದಿತು. ೧೯೬೮ರ ಡಿಸೆಂಬರ್ ೨೫ರಂದು, ಕೂಲಿಯ ವಿಷಯದಲ್ಲಿ ಹುಟ್ಟಿದ ವಿವಾದದ ಫಲವಾಗಿ, ಅದೇ ಪ್ರಾಂತದ ಕೀಳ್ವೆಣ್ಮಣಿಯಲ್ಲಿ ದಲಿತ ಕೂಲಿಕಾರರ ಕುಟುಂಬಗಳ ೪೪ ಮಂದಿಯನ್ನು ಗುಡಿಸಲೊಂದರಲ್ಲಿ ಸುಟ್ಟು ಕೊಂದರು. ಸತ್ತವರಲ್ಲಿ ಬಹುಮಂದಿ ಹೆಂಗಸರು, ಮಕ್ಕಳು. ಜೀತವನ್ನು ದೇಶದಾದ್ಯಂತ ನಿಷೇಧಿಸಿ, ಅದರ ಮೂಲವಾದ ಸಾಲವನ್ನೇ ರದ್ದುಪಡಿಸಿದ ಕಾಯಿದೆಯು ೧೯೭೫ರ ಸುಗ್ರೀವಾಜ್ಞೆಯ ಹಿಂದೆ ೧೯೭೬ರಲ್ಲಿ ಬಂದಿತು. ಇರುವೇಲ್ಪಟ್ಟಿನ ಆ ವರದಿಯಾಗಿ ಅಷ್ಟರಲ್ಲಿ ಅರವತ್ತು ವರ್ಷಗಳಾಗಿದ್ದುವು.